ಋತುಧರ್ಮವೂ ಅಂಗಸಾಧನೆಯೂ

ಮನೆಯಲ್ಲಿ ನಾಲ್ಕು ಜನರ ಮುಂದೆ ಆಡಬಾರದ ಮಾತುಗಳೆಂದು ನಮ್ಮ ಹಿರಿಯರು ಕೆಲವನ್ನು ಗೊತ್ತುಮಾಡಿ ಇಟ್ಟಿದ್ದರು. ಹೆಂಗಸರ ತಿಂಗಳ ಮುಟ್ಟು ಅಂಥವುಗಳಲ್ಲಿ ಒಂದು. ‘ಹೊರಗಾಗಿದ್ದಾಳೆ’ ಎಂದೋ ‘ಕಾಗೆ ಮುಟ್ಟಿದೆ’ ಎಂದೋ ಮರೆಮಾತಿನಲ್ಲಿ ಸೂಚಿಸಿ, ಮೂರು ದಿನ ಕಳೆದು ನಾಲ್ಕನೆಯ ದಿನ ತಲೆಗೆ ನೀರೆರೆದುಕೊಂಡರೆ ಅಲ್ಲಿಗೆ ವಿಷಯವು ಮುಗಿಯುತ್ತಿದ್ದಿತು. ಗಂಡಸರು ಅದನ್ನು ಕೇಳುವಂತಿರಲಿಲ್ಲ, ಹುಡುಗಿಯರು ಹೇಳುವಂತಿರಲಿಲ್ಲ. ಈಗಲಾದರೋ ನಮ್ಮ ಹೆಣ್ಣುಮಕ್ಕಳು ಓಡುತ್ತಾರೆ, ಈಜುತ್ತಾರೆ, ಕಬಡ್ಡಿಯಾಡುತ್ತಾರೆ, ಕುಸ್ತಿಯನ್ನೂ ಕಲಿಯುತ್ತಾರೆ. ಪಂದ್ಯದ ತಾರೀಖನ್ನು ಗೊತ್ತುಮಾಡುವವರು ಯಾರ ಮನೆಯ ಪಂಚಾಂಗವನ್ನೂ ನೋಡುವುದಿಲ್ಲ. ಆಟದ ದಿನವೂ ಮುಟ್ಟಿನ ದಿನವೂ ಒಂದೇ ಆದಲ್ಲಿ ಹುಡುಗಿಯ ಶಕ್ತಿಯು ಕುಗ್ಗುವುದೆ? ಕುಗ್ಗುವುದಾದರೆ ಗುಳಿಗೆ ನುಂಗಿ ಅದನ್ನು ಮುಂದಕ್ಕೆ ಹಾಕಬಹುದೆ? ಇಷ್ಟೊಂದು ಓಡಾಟದಿಂದ ಅವಳ ಮುಂದಿನ ಬಾಳಿಗೆ ಕೇಡುಂಟೆ? ಈ ಪ್ರಶ್ನೆಗಳು ಅನೇಕ ತಾಯಂದಿರ ಮನಸ್ಸಿನಲ್ಲಿ ಇವೆ. ತಂದೆಯರ ಮನಸ್ಸಿನಲ್ಲಿಯೂ ಇರತಕ್ಕವು. ಆದುದರಿಂದ ಸಂಕೋಚವನ್ನು ಸ್ವಲ್ಪ ಬದಿಗಿಟ್ಟು, ತಿಳಿದವರು ಈ ವಿಷಯದಲ್ಲಿ ಕಂಡುಕೊಂಡಿರುವುದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇವೆ.

2024ನೆಯ ಇಸವಿ ಆಗಸ್ಟ್ 7ರಂದು ಪ್ಯಾರಿಸ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮಣಿಪುರದ ಮೀರಾಬಾಯಿ ಚಾನು ಅವರು 49 ಕಿಲೋ ವರ್ಗದಲ್ಲಿ ಭಾರ ಎತ್ತಲು ನಿಂತರು. ಮೂರು ವರ್ಷಗಳ ಹಿಂದೆ, 2021ರಲ್ಲಿ, ಟೋಕಿಯೋ ನಗರದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿಯ ಪದಕವನ್ನು ತಂದ ವೀರವನಿತೆ ಇವರು. ಪ್ಯಾರಿಸಿನಲ್ಲಿ ಒಂದೇ ಸೆಳೆತಕ್ಕೆ ತಲೆಯ ಮೇಲೆತ್ತುವ ವಿಧದಲ್ಲಿ 88 ಕಿಲೋ, ಭುಜದ ಮೇಲೆ ನಿಲ್ಲಿಸಿಕೊಂಡು ಎತ್ತುವ ವಿಧದಲ್ಲಿ 111 ಕಿಲೋ, ಕೂಡಿ 199 ಆಯಿತು. ಕಟ್ಟಕಡೆಯ ಸಾರಿ 114 ಕಿಲೋವಿಗೆ ಕೈಹಾಕಿದರು. ಭಾರವು ಮೇಲೆ ನಿಲ್ಲಲಿಲ್ಲ. ಮೂರನೆಯ ಸ್ಥಾನದ ಕಂಚಿನ ಪದಕವನ್ನು ಪಡೆದ ಥಾಯ್ಲೆಂಡಿನ ತರುಣಿಯು ಎತ್ತಿದುದು 200. ಅಂಗಡಿಯಿಂದ ನಾವು ತರುವ ಒಂದು ಪೊಟ್ಟಣ ಸಕ್ಕರೆಯಷ್ಟು ತೂಕದಲ್ಲಿ ಒಂದು ಒಲಿಂಪಿಕ್ ಪದಕವು ತಪ್ಪಿತು. ಆಮೇಲೆ ಪತ್ರಿಕೆಯವರ ಮುಂದೆ ಮೀರಾಬಾಯಿಯವರು, ಅಂದು ತಮಗೆ ಮುಟ್ಟಿನ ಮೂರನೆಯ ದಿನವೆಂದೂ ಮೈಯಲ್ಲಿ ನಿಶ್ಶಕ್ತಿ ಇದ್ದಿತೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಒಂದು ಕಿಲೋ ಮುಟ್ಟಿನಿಂದಲೇ ತಪ್ಪಿತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಉಂಟು. 2002ನೆಯ ಇಸವಿ ಅಕ್ಟೋಬರ್ 13ರಂದು ಅಮೆರಿಕಾದ ಚಿಕಾಗೋ ನಗರದಲ್ಲಿ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ಅವರು ಮ್ಯಾರಥಾನ್ ಓಟವನ್ನು 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ಮುಗಿಸಿ ಜಗತ್ತಿನ ದಾಖಲೆಯನ್ನೇ ಮುರಿದರು. ಅಂದೂ ಅವರಿಗೆ ಮುಟ್ಟಿನ ಹೊಟ್ಟೆನೋವು ಇದ್ದಿತು. 2016ರಲ್ಲಿ ರಿಯೋ ನಗರದಲ್ಲಿ ಚೀನಾದ ಈಜುಗಾರ್ತಿ ಫೂ ಯುವಾನ್‌ಹುಯಿ ಅವರ ತಂಡವು ನಾಲ್ಕನೆಯದಾದಾಗ, ಹಿಂದಿನ ದಿನ ತಾನು ಮುಟ್ಟಾದುದರಿಂದ ಬಹಳ ದಣಿದಿದ್ದೆನೆಂದೂ ಆದರೆ ಅದನ್ನೊಂದು ನೆವವಾಗಿ ಹೇಳುವುದಿಲ್ಲವೆಂದೂ ಆಕೆ ನುಡಿದರು. ಲೋಕವೆಲ್ಲ ನೋಡುತ್ತಿದ್ದ ಕಡೆ ಹೆಣ್ಣೊಬ್ಬಳು ಹೀಗೆ ಬಾಯಿಬಿಟ್ಟು ಹೇಳಿದುದು ಚೀನಾದಲ್ಲಿ ದೊಡ್ಡ ಸುದ್ದಿಯಾಯಿತು. ಒಬ್ಬರು ಸೋತರು, ಒಬ್ಬರು ದಾಖಲೆ ಮುರಿದರು, ಒಬ್ಬರು ದಣಿದರು. ಹಾಗಾದರೆ ಇದರ ನಿಜವೇನು?

ಮೊದಲು ದೇಹದೊಳಗಿನ ತಿಂಗಳು ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗೆ ಸಾಮಾನ್ಯವಾಗಿ 28 ದಿನವೆಂದು ಹೇಳುವ ವಾಡಿಕೆಯಾದರೂ, 21ರಿಂದ 35 ದಿನಗಳವರೆಗೆ ಯಾವುದಾದರೂ ಆರೋಗ್ಯಕರವೇ. ಈ ಅವಧಿಯನ್ನು ಆಳುವವು ಅಂಡಾಶಯದಲ್ಲಿ ಹುಟ್ಟಿ ರಕ್ತದಲ್ಲಿ ಹರಿಯುವ ಎರಡು ಹಾರ್ಮೋನುಗಳು: ಈಸ್ಟ್ರೋಜೆನ್, ಪ್ರೊಜೆಸ್ಟರಾನ್. ಮುಟ್ಟಿನ ದಿನಗಳಲ್ಲಿ ಎರಡೂ ತಳಮಟ್ಟದಲ್ಲಿರುತ್ತವೆ. ಅನಂತರ ಈಸ್ಟ್ರೋಜೆನ್ ಮೆಲ್ಲಗೆ ಏರಿ, ಅಂಡವು ಬಿಡುಗಡೆಯಾಗುವ ಮುನ್ನ ತುದಿಗೆ ಮುಟ್ಟುತ್ತದೆ. ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಆಗ ಮೈಯ ಶಾಖವು ಸೆಂಟಿಗ್ರೇಡ್ ಲೆಕ್ಕದಲ್ಲಿ ಸುಮಾರು ಮೂರನೆಯ ಒಂದು ಡಿಗ್ರಿಯಿಂದ ಅರ್ಧ ಡಿಗ್ರಿಯಷ್ಟು ಹೆಚ್ಚುತ್ತದೆ, ಉಸಿರಾಟವೂ ತುಸು ಚುರುಕಾಗುತ್ತದೆ. ಗರ್ಭವು ನಿಲ್ಲದಿದ್ದರೆ ಎರಡೂ ಹಾರ್ಮೋನುಗಳು ಒಮ್ಮೆಗೇ ಇಳಿದು, ಗರ್ಭಕೋಶದ ಒಳಪೊರೆಯು ಕಳಚಿ ಹೊರಬೀಳುತ್ತದೆ. ಆ ಪೊರೆಯಿಂದ ಹೊರಡುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಗರ್ಭಕೋಶವನ್ನು ಹಿಂಡುವುದರಿಂದಲೇ ಕಿಬ್ಬೊಟ್ಟೆಯ ಸೆಳೆತ, ಸೊಂಟನೋವು, ಕೆಲವರಿಗೆ ವಾಂತಿ ಭೇದಿಗಳು ಉಂಟಾಗುವುವು. ಇದರಲ್ಲಿ ಮೈಲಿಗೆಯ ಮಾತೇನೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇಷ್ಟು ಏರಿಳಿತವು ಮೈಯಲ್ಲಿ ನಡೆಯುತ್ತಿರುವಾಗ ಬಲವೂ ವೇಗವೂ ಅದರೊಡನೆ ಏರಿಳಿಯಬೇಕೆಂದು ತೋರುವುದು ಸಹಜ. ಬ್ರಿಟನ್ನಿನ ಕೆಲವು ಮಹಿಳಾ ವಿಜ್ಞಾನಿಗಳು ತಮ್ಮ ಸಹೋದ್ಯೋಗಿಗಳೊಡನೆ ಅದುವರೆಗೆ ನಡೆದಿದ್ದ 78 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಅಳೆದುನೋಡಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಟ್ಟಿನ ಮೊದಲ ಕೆಲವು ದಿನಗಳಲ್ಲಿ ಸಾಮರ್ಥ್ಯವು ಇಳಿಯಬಹುದಾದರೂ ಆ ಇಳಿತವು ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದೂ, ಪರೀಕ್ಷೆಗಳಲ್ಲಿ ಬಹಳಷ್ಟು ಅಚ್ಚುಕಟ್ಟಾಗಿ ನಡೆದವಲ್ಲವೆಂದೂ, ಒಬ್ಬಳಿಂದ ಇನ್ನೊಬ್ಬಳಿಗೆ ಭೇದವು ಬಹಳವಾದುದರಿಂದ ಎಲ್ಲರಿಗೂ ಒಂದೇ ನಿಯಮವನ್ನು ವಿಧಿಸಬಾರದೆಂದೂ ಅವರ ತೀರ್ಮಾನ. ಗರ್ಭನಿರೋಧದ ಗುಳಿಗೆಯ ವಿಷಯವಾಗಿಯೂ ಅದೇ ವರ್ಷ 42 ಪರೀಕ್ಷೆಗಳನ್ನು ಕೂಡಿಸಿ ನೋಡಲಾಯಿತು: ಗುಳಿಗೆ ನುಂಗುವವರ ಸಾಮರ್ಥ್ಯವು ಸಹಜವಾಗಿ ಮುಟ್ಟಾಗುವವರದಕ್ಕಿಂತ ತುಸು ಕಡಮೆ, ಅದೂ ಅತ್ಯಲ್ಪ. ಪರೀಕ್ಷೆಗಳು ಅಚ್ಚುಕಟ್ಟಿಲ್ಲವೆಂದುದಕ್ಕೆ ಒಂದು ಕಾರಣವುಂಟು. ವ್ಯಾಯಾಮವಿಜ್ಞಾನವು ಬಹುಕಾಲ ಗಂಡಸರ ಮೈಯನ್ನೇ ಅಳೆದು, ಹೆಂಗಸರಿಗೂ ಅದನ್ನೇ ಅನ್ವಯಿಸುತ್ತ ಬಂದಿತು. ಹೆಂಗಸರ ತಿಂಗಳ ಏರಿಳಿತದಿಂದ ಲೆಕ್ಕವು ಕಲಸಿಹೋಗುತ್ತದೆಂಬುದೇ ಅವರನ್ನು ಬಿಡಲು ಹೇಳುತ್ತಿದ್ದ ಕಾರಣ! ಕಲಸಿಹೋಗುವುದನ್ನೇ ಬಿಡಿಸಿ ನೋಡಬೇಕಾದುದು ವಿಜ್ಞಾನದ ಕೆಲಸವೆಂದು ನಮ್ಮ ಅಭಿಪ್ರಾಯ.

ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು ಪಂಡಿತರು ಹೇಳುವುದು ಸರಾಸರಿಯ ಮಾತು. ಶಾಲೆಯ ಓಟದಲ್ಲಿ ಅಂಥ ಅಲ್ಪಕ್ಕೆ ಬೆಲೆಯಿಲ್ಲ. ಆದರೆ 1984ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ನಮ್ಮ ಪಿ. ಟಿ. ಉಷಾ ಅವರು 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡಿನಲ್ಲಿ ಮುಗಿಸಿ, 55.41ರಲ್ಲಿ ಮುಗಿಸಿದ ರುಮೇನಿಯಾದವಳಿಗೆ ಪದಕವನ್ನು ಬಿಟ್ಟುಕೊಡಬೇಕಾಯಿತು. ಅಂದಿನ ಸೋಲಿಗೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ. ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಕಡಮೆ ಕಾಲದಲ್ಲಿ ಪದಕಗಳು ಕೈತಪ್ಪುವುದುಂಟೆಂಬುದನ್ನು ತೋರಿಸಲು ಮಾತ್ರ ಇದನ್ನು ಹೇಳಿದೆವು. ಮೇಲಾಗಿ ಸರಾಸರಿಯೊಳಗೆ ನೋವೇ ಕಾಣದವಳೂ ಇದ್ದಾಳೆ, ಹಾಸಿಗೆಯಿಂದ ಏಳಲಾರದವಳೂ ಇದ್ದಾಳೆ. ಬ್ರಿಟನ್ನಿನ 430 ಮಂದಿ ಮೇಲ್ತರಗತಿಯ ಕ್ರೀಡಾಳುಗಳನ್ನು ವಿಚಾರಿಸಿ 2018ರಲ್ಲಿ ಪ್ರಕಟವಾದ ವರದಿಯಂತೆ, ಅವರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿ ಹಾರ್ಮೋನಿನ ಗರ್ಭನಿರೋಧಕವನ್ನು ಉಪಯೋಗಿಸುತ್ತಿದ್ದರು. ಉಪಯೋಗಿಸದವರಲ್ಲಿ ನೂರಕ್ಕೆ 77 ಮಂದಿ ತಿಂಗಳ ಮುಟ್ಟಿನಿಂದ ಒಂದಲ್ಲ ಒಂದು ಬಾಧೆ ಉಂಟೆಂದರು. ಗಡಿಯಾರವು ತೋರಿಸುವ ಇಳಿತವು ಕಿರಿದಾದರೂ ಹುಡುಗಿಯು ಅನುಭವಿಸುವ ಕಷ್ಟವು ಕಿರಿದಲ್ಲ.

ಇಷ್ಟು ಮಾತಿನಿಂದ ಹಿಂದಿನವರ ಭಯವೇ ಸರಿಯೆಂದು ಯಾರೂ ಭಾವಿಸಬಾರದು. 1928ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಹೆಂಗಸರನ್ನು ಮೊದಲ ಸಾರಿ 800 ಮೀಟರ್ ಓಡಲು ಬಿಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದಳು. ಓಟದ ಕಡೆಯಲ್ಲಿ ಕೆಲವರು ದಣಿದು ನೆಲದ ಮೇಲೆ ಒರಗಿದುದನ್ನು ಪತ್ರಿಕೆಗಳು ಬಣ್ಣಕಟ್ಟಿ ಬರೆದವು. ಹೆಣ್ಣಿನ ಮೈಗೆ ಇದು ಸಲ್ಲದೆಂಬ ಕೂಗೆದ್ದಿತು. ಫಲವಾಗಿ 1960ರವರೆಗೆ, ಮೂವತ್ತೆರಡು ವರ್ಷ, ಆ ಓಟವನ್ನು ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮುಚ್ಚಿದರು. ಓಡಿದರೆ ಗರ್ಭಕೋಶವು ಜಾರುವುದೆಂದು ಹೆದರಿಸಿದವರೂ ಇದ್ದರು. ಇವೆಲ್ಲವೂ ಬರಿಯ ಕಲ್ಪನೆಗಳು. ಮುಟ್ಟಿನ ದಿನ ಆಡಿದರೆ ಕೇಡಿಲ್ಲ. ಹಿತವಾದ ನಡಿಗೆಯಿಂದಲೂ ವ್ಯಾಯಾಮದಿಂದಲೂ ಅನೇಕರಿಗೆ ನೋವು ತಗ್ಗುವುದೇ ಕಂಡುಬಂದಿದೆ. ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು ಗಂಡುಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚೆಂಬುದು ನಿಜವಾದರೂ, ನೆಗೆದು ಇಳಿಯುವ ಕ್ರಮವನ್ನು ಸರಿಯಾಗಿ ಕಲಿಸಿ ತೊಡೆಯ ಸ್ನಾಯುಗಳನ್ನು ಬಲಪಡಿಸಿದರೆ ಅದನ್ನು ಬಹಳ ಮಟ್ಟಿಗೆ ತಡೆಯಬಹುದು.

ಭಯಪಡಬೇಕಾದ ವಿಷಯವು ಬೇರೆ ಇದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯಲು ತೊಡಗಿದೆವೆಂದರೂ ಸಲ್ಲುವುದು. ಮುಟ್ಟು ಬರುವುದಲ್ಲ, ಬಾರದಿರುವುದೇ ಓಡುವ ಹುಡುಗಿಗೆ ಅಪಾಯದ ಗುರುತು.

ಗೃಹಸ್ಥರಿಗೆ ಜಮಾಖರ್ಚಿನ ಲೆಕ್ಕವು ಗೊತ್ತಿರುವುದಷ್ಟೆ. ವರಮಾನವು ಇಳಿದರೆ ಜಾಣ ಗೃಹಿಣಿಯು ಅಕ್ಕಿ ಬೇಳೆಯನ್ನು ಬಿಡದೆ, ಸೀರೆ ಒಡವೆಗಳ ಖರ್ಚನ್ನು ಮೊದಲು ನಿಲ್ಲಿಸುತ್ತಾಳೆ. ದೇಹವೂ ಹಾಗೆಯೇ. ತಿಂದುದರಲ್ಲಿ ವ್ಯಾಯಾಮದ ವೆಚ್ಚವನ್ನು ಕಳೆದು ಉಳಿಯುವ ಶಕ್ತಿಯಿಂದ ಹೃದಯ ಮಿದುಳುಗಳು ನಡೆಯಬೇಕು. ಉಳಿತಾಯವು ಸಾಲದೆ ಹೋದಾಗ ದೇಹವು ಸಂತಾನದ ಕೆಲಸವನ್ನು ಮೊದಲು ನಿಲ್ಲಿಸುತ್ತದೆ: ಮುಟ್ಟು ಅಲ್ಲಾಡುತ್ತದೆ, ತಡವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಅಮೆರಿಕಾದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತ ತರುಣಿಯರ ಆಹಾರವನ್ನು ಅಳತೆಯಿಂದ ಕಡಮೆ ಮಾಡಿ ನೋಡಿದರು. ಮೈಯ ಕೊಬ್ಬನ್ನು ಬಿಟ್ಟು ಉಳಿದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 45 ಕ್ಯಾಲೊರಿ ಉಳಿದಾಗ ತೊಂದರೆಯಿರಲಿಲ್ಲ. 30ಕ್ಕಿಂತ ಕೆಳಗಿಳಿದಾಗ ಐದೇ ದಿನಗಳಲ್ಲಿ ಮುಟ್ಟನ್ನು ನಡೆಸುವ ಹಾರ್ಮೋನಿನ ಮಿಡಿತವು ಕೆಟ್ಟಿತು.

ನಿಂತರೆ ಒಳ್ಳೆಯದೇ ಆಯಿತು, ಕಾಟ ತಪ್ಪಿತು, ಎಂದು ಹುಡುಗಿಯು ಹಿಗ್ಗುವುದುಂಟು. ತರಬೇತಿ ಕೊಡುವವರಲ್ಲಿಯೂ ಅದನ್ನು ಕಠಿಣ ಸಾಧನೆಯ ಲಕ್ಷಣವೆಂದು ಎಣಿಸಿದವರು ಬಹಳ ಮಂದಿ. ಆದರೆ ಎಲುಬನ್ನು ಗಟ್ಟಿಯಾಗಿ ಇಡುವುದು ಈಸ್ಟ್ರೋಜೆನ್. ಅದು ಬತ್ತಿದರೆ ಎಲುಬು ಸವೆಯುತ್ತದೆ. ಅಮೆರಿಕಾದ ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಅವರ ಸಂಗಡಿಗರು 1984ರಲ್ಲಿ, ಮುಟ್ಟು ನಿಂತುಹೋಗಿದ್ದ ಕ್ರೀಡಾಳುಗಳ ಬೆನ್ನೆಲುಬನ್ನು ಅಳೆದು ನೋಡಿದರು. ಆ ತರುಣಿಯರ ಸರಾಸರಿ ವಯಸ್ಸು 25. ಎಲುಬಿನ ಸಾಂದ್ರತೆಯಾದರೋ 51 ವಯಸ್ಸಿನ ಹೆಂಗಸರದು! ಮಗಳ ಬೆನ್ನಿನಲ್ಲಿ ತಾಯಿಯ ಎಲುಬು ಕುಳಿತಂತಾಯಿತು. ಜೀವಮಾನಕ್ಕೆ ಬೇಕಾದ ಎಲುಬಿನ ಗಂಟನ್ನು ಹೆಣ್ಣುಮಕ್ಕಳು ಬಹುಪಾಲು ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಕೂಡಿಹಾಕಿಕೊಳ್ಳಬೇಕು. ಹದಿನೈದು ಹದಿನಾರರಲ್ಲಿ ಕಳೆದುಕೊಂಡುದು ಆಮೇಲೆ ಪೂರ್ತಿಯಾಗಿ ತುಂಬುವುದು ಕಷ್ಟ.

ಮೇರಿ ಕೇನ್ ಎಂಬ ಅಮೆರಿಕಾದ ಓಟಗಾರ್ತಿಯು 2013ರಲ್ಲಿ, ಹದಿನೇಳನೆಯ ವಯಸ್ಸಿಗೇ, ಜಗತ್ತಿನ ಚಾಂಪಿಯನ್‌ಷಿಪ್ಪಿಗೆ ಹೋದ ತಂಡದಲ್ಲಿ ಸ್ಥಾನ ಪಡೆದು ಎಲ್ಲರ ಕಣ್ಮಣಿಯಾಗಿದ್ದರು. ತೂಕ ಇಳಿಸು, ಇನ್ನೂ ಇಳಿಸು ಎಂಬ ಒತ್ತಾಯದಿಂದ ತಮಗೆ ಮೂರು ವರ್ಷ ಮುಟ್ಟೇ ಆಗಲಿಲ್ಲವೆಂದೂ ಐದು ಎಲುಬುಗಳು ಮುರಿದವೆಂದೂ 2019ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ಈ ಸ್ಥಿತಿಗೆ ಒಂದು ಹೆಸರನ್ನು ಕೊಟ್ಟು, ಆಹಾರದ ಕೊರತೆಯು ಮುಟ್ಟನ್ನೂ ಎಲುಬನ್ನೂ ಅಲ್ಲದೆ ಹೃದಯ, ರೋಗನಿರೋಧಶಕ್ತಿ, ಮನಸ್ಸು ಇವೆಲ್ಲವನ್ನೂ ಕೆಡಿಸುವುದೆಂದೂ, ಗಂಡುಮಕ್ಕಳಿಗೂ ಅದು ತಪ್ಪಿದ್ದಲ್ಲವೆಂದೂ ಸಾರಿದರು.

ನಮ್ಮ ಮನೆಗಳಲ್ಲಿ ಈ ಕೊರತೆಯು ಯಾರ ಒತ್ತಾಯವೂ ಇಲ್ಲದೆಯೇ ಬರುವುದುಂಟು. ಬೆಳಗಿನ ಐದು ಗಂಟೆಗೆ ಬರಿಯ ಕಾಫಿ ಕುಡಿದು ಮೈದಾನಕ್ಕೆ ಹೋಗುವುದು. ಅಲ್ಲಿಂದ ಬಂದೊಡನೆ ಎರಡು ತುತ್ತು ಉಪ್ಪಿಟ್ಟು ನುಂಗಿ ಶಾಲೆಗೆ ಓಡುವುದು. ಸಂಜೆ ಮತ್ತೆ ಅಭ್ಯಾಸ. ನಡುವೆ ಶನಿವಾರದ ಒಪ್ಪತ್ತು. ಹುಡುಗನಾದರೆ ಇನ್ನೊಂದು ಮುದ್ದೆ, ಇನ್ನೊಂದು ಲೋಟ ಹಾಲು ತಾನಾಗಿ ಎಲೆಯ ಬಳಿಗೆ ಬರುತ್ತದೆ. ಹುಡುಗಿಯು ಕೇಳಬೇಕು, ಕೇಳಿದರೆ ‘ಹೆಣ್ಣಿಗೆ ಇಷ್ಟೊಂದು ಹಸಿವೆ?’ ಎಂಬ ನಗೆ. ಈ ನಗೆಯನ್ನು ಮೊದಲು ನಿಲ್ಲಿಸಬೇಕು. ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಅಥವಾ ನೆರೆದವಳಿಗೆ ಮೂರು ತಿಂಗಳು ಮುಟ್ಟು ತಪ್ಪಿದರೆ, ಓಟದಿಂದ ಹಾಗಾಗಿದೆಯೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಪದೇ ಪದೇ ಕಾಲಿನ ಎಲುಬು ನೋಯುವುದೂ ಅದರ ಮುನ್ಸೂಚನೆಯಾಗಬಹುದು.

ಇನ್ನು ಗುಳಿಗೆಗಳ ವಿಷಯ. ಗರ್ಭನಿರೋಧದ ಮಾತೆತ್ತಿದರೆ ಮುಖ ಸಿಂಡರಿಸುವ ವಾಚಕರಿಗೆ ಒಂದು ನೆನಪು ಮಾಡಿಕೊಡುತ್ತೇವೆ: 1930ರಲ್ಲಿಯೇ ನಮ್ಮ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಒಂದು ಸರ್ಕಾರವು ಇಂಥ ಕೆಲಸಕ್ಕೆ ಕೈಹಾಕಿದುದು ಜಗತ್ತಿನಲ್ಲಿಯೇ ಮೊದಲೆಂದು ಹೇಳುವರು. ಆಗ ಗುಳಿಗೆಗಳಿರಲಿಲ್ಲ. ಹಾರ್ಮೋನಿನ ಗುಳಿಗೆಗೆ ಅಮೆರಿಕಾದಲ್ಲಿ 1957ರಲ್ಲಿ ಮುಟ್ಟಿನ ದೋಷಗಳ ಔಷಧವೆಂದು ಅನುಮತಿ ದೊರೆಯಿತು. ಗರ್ಭನಿರೋಧಕ್ಕೆಂದು ದೊರೆತುದು 1960ರಲ್ಲಿ. ಎರಡು ಹಾರ್ಮೋನುಗಳುಳ್ಳ ಸಾಮಾನ್ಯ ಗುಳಿಗೆಯನ್ನು 21 ದಿನ ನುಂಗಿ 7 ದಿನ ಬಿಡುವುದು ರೂಢಿ. ಅದು ಅಂಡದ ಬಿಡುಗಡೆಯನ್ನೇ ತಡೆಯುತ್ತದೆ. ಬಿಟ್ಟ ದಿನಗಳಲ್ಲಿ ಆಗುವ ಸ್ರಾವವು ಔಷಧವನ್ನು ನಿಲ್ಲಿಸಿದುದರಿಂದ ಆದುದೇ ಹೊರತು ನಿಜವಾದ ಮುಟ್ಟಲ್ಲ. ವೈದ್ಯರ ಸಲಹೆಯಂತೆ ಸೇವಿಸಿದಲ್ಲಿ ಇದರಿಂದ ನೋವೂ ಸ್ರಾವವೂ ತಗ್ಗಿ, ಎಂದು ಬರುವುದೆಂಬುದು ಗೊತ್ತಾಗಿರುವುದರಿಂದ ಕ್ರೀಡಾಳುಗಳಲ್ಲಿ ಅನೇಕರಿಗೆ ಅನುಕೂಲವಾಗಿದೆ. ತಲೆನೋವು, ಮೈಭಾರ, ಮನಸ್ಸಿನ ಬೇಸರಗಳಿಂದ ಬಿಟ್ಟವರೂ ಉಂಟು. ಆದರೆ ಇದರಲ್ಲಿ ಒಂದು ಮೋಸವಿದೆ. ಊಟ ಸಾಲದೆ ಮುಟ್ಟು ನಿಂತವಳಿಗೆ ಈ ಗುಳಿಗೆಯನ್ನು ಕೊಟ್ಟರೆ ತಿಂಗಳು ತಿಂಗಳು ಸ್ರಾವವೇನೋ ಆಗುತ್ತದೆ. ತಾಯಿಯು ಎಲ್ಲವೂ ಸರಿಹೋಯಿತೆಂದು ನೆಮ್ಮದಿಯಿಂದಿರುತ್ತಾಳೆ. ಒಳಗೆ ಎಲುಬಿನ ಸವೆತವು ಹಾಗೆಯೇ ನಡೆದಿರುತ್ತದೆ. ಕೆಟ್ಟ ಗಡಿಯಾರದ ಮುಳ್ಳನ್ನು ಕೈಯಿಂದ ತಿರುಗಿಸಿದಂತೆ! ಅಂಥವಳಿಗೆ ಮೊದಲ ಮದ್ದು ಅನ್ನ, ಎರಡನೆಯದು ವಿಶ್ರಾಂತಿ.

ಮೂರು ತಿಂಗಳಿಗೊಮ್ಮೆ ಚುಚ್ಚುವ ಗರ್ಭನಿರೋಧದ ಔಷಧವು ಎಲುಬಿನ ಸಾಂದ್ರತೆಯನ್ನು ತಗ್ಗಿಸುವುದೆಂದು ಅಮೆರಿಕಾದ ಸರ್ಕಾರವು 2004ರಲ್ಲಿಯೇ ಎಚ್ಚರಿಕೆ ಕೊಟ್ಟಿದೆ. ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳಿ ಬರುವುದಾದರೂ, ಮೊದಲೇ ಎಲುಬು ತೆಳ್ಳಗಿರುವ ಓಟಗಾರ್ತಿಗೆ ಅದು ತಕ್ಕುದಲ್ಲ. ನಮ್ಮ ದೇಶದ್ದೇ ಆದ ಇನ್ನೊಂದು ಗುಳಿಗೆಯಿದೆ: ಲಖನೌ ನಗರದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಕಂಡುಹಿಡಿದು 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಹೊರತಂದ ಸೆಂಟ್‌ಕ್ರೋಮನ್. ಮನೆವಾರ್ತೆಯ ಹೆಂಗಸರಿಗೆ ಇದು ಬಹಳ ಉಪಕಾರ ಮಾಡಿದೆ. ಕ್ರೀಡಾಳುಗಳಾದರೋ ಎಚ್ಚರಿಕೆಯಿಂದಿರಬೇಕು, ಏಕೆಂದರೆ ಈ ಔಷಧವು ಸೇರಿದ ವರ್ಗವು, ಎಂದರೆ ಈಸ್ಟ್ರೋಜೆನ್ನಿನ ಕೆಲಸವನ್ನು ಕೆಲವು ಅಂಗಗಳಲ್ಲಿ ಮಾಡಿ ಕೆಲವುಗಳಲ್ಲಿ ತಡೆಯುವ ಔಷಧಗಳ ವರ್ಗವು, ಉದ್ದೀಪನದ್ರವ್ಯಗಳನ್ನು ತಡೆಯುವ ಜಾಗತಿಕ ಸಂಸ್ಥೆಯ ನಿಷೇಧಪಟ್ಟಿಯಲ್ಲಿದೆ. ಹೊಸದಾಗಿ ಮದುವೆಯಾದ ಆಟಗಾರ್ತಿಯು ಔಷಧದ ಅಂಗಡಿಯಲ್ಲಿ ಸುಮ್ಮನೆ ಕೊಂಡು ನುಂಗಿ, ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹೆಸರು ಕೆಡಿಸಿಕೊಳ್ಳುವ ಸಂಭವವುಂಟು. ಯಾವ ಗುಳಿಗೆಯನ್ನೇ ಆಗಲಿ, ತಾನು ಆಟಗಾರ್ತಿಯೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ ತೆಗೆದುಕೊಳ್ಳಬೇಕು.

ನಮ್ಮ ಮನೆಗಳಲ್ಲಿ ಬಹು ಬಳಕೆಯಲ್ಲಿರುವುದು ಮುಟ್ಟನ್ನು ಮುಂದಕ್ಕೆ ಹಾಕುವ ನೊರೆಥಿಸ್ಟರೋನ್ ಗುಳಿಗೆ. ಮದುವೆ, ವ್ರತ, ಯಾತ್ರೆಗಳು ಬಂದಾಗ ನೆರೆಮನೆಯವರನ್ನು ಕೇಳಿ ತರಿಸಿಕೊಳ್ಳುವ ವಾಡಿಕೆಯು ಎಲ್ಲರಿಗೂ ತಿಳಿದುದೇ. ಈಗ ಜಿಲ್ಲೆಯ ಪಂದ್ಯಕ್ಕೂ ಅದನ್ನೇ ಕೊಡುವ ತಾಯಂದಿರಿದ್ದಾರೆ. ಸ್ರಾವವನ್ನು ಅದು ತಡೆಯುತ್ತದೆ, ನಿಜ. ಅದರೊಡನೆ ಹೊಟ್ಟೆಯುಬ್ಬರ, ತಲೆಸುತ್ತು, ಮೈಯಲ್ಲಿ ನೀರು ನಿಲ್ಲುವುದು, ಇವೂ ಬರಬಹುದು. ರಕ್ತ ಹೆಪ್ಪುಗಟ್ಟುವ ದೋಷವು ವಂಶದಲ್ಲಿರುವವರಿಗೆ ಅದು ಅಪಾಯಕರ. 2013ರಲ್ಲಿ ಮಾಸ್ಕೋ ನಗರದ ಜಾಗತಿಕ ಕೂಟಕ್ಕೆ ಮುಂಚೆ ಇಂಗ್ಲೆಂಡಿನ ತರುಣ ಓಟಗಾರ್ತಿಯೊಬ್ಬಳಿಗೆ ಈ ಗುಳಿಗೆಯನ್ನು ಕೊಟ್ಟು ಇದ್ದ ತೊಂದರೆಯನ್ನು ಹೆಚ್ಚು ಮಾಡಿದರೆಂದು, ಮೇಲೆ ಹೇಳಿದ ಪೌಲಾ ರ‍್ಯಾಡ್‌ಕ್ಲಿಫ್ ಅವರೇ 2015ರಲ್ಲಿ ಆಕ್ಷೇಪಿಸಿದರು. ಹಿಂದೆ ಎಂದೂ ನುಂಗದಿದ್ದ ಗುಳಿಗೆಯನ್ನು ಪಂದ್ಯದ ವಾರದಲ್ಲಿ ಮೊದಲ ಬಾರಿ ನುಂಗಿಸಕೂಡದು. ಬೇಕೇ ಬೇಕಾದರೆ ಕೆಲವು ತಿಂಗಳ ಮುಂಚೆ ವೈದ್ಯರ ಕಣ್ಣೆದುರಿಗೆ ಪ್ರಯೋಗ ಮಾಡಿ ನೋಡಬಹುದು. ಹೊಟ್ಟೆನೋವು ಮಾತ್ರವೇ ಕಷ್ಟವಾದರೆ, ಪ್ರೊಸ್ಟಗ್ಲಾಂಡಿನ್ನನ್ನು ತಡೆಯುವ ಸಾಧಾರಣ ನೋವಿನ ಗುಳಿಗೆಯನ್ನು ವೈದ್ಯರು ಹೇಳಿದಷ್ಟು, ಊಟವಾದ ಮೇಲೆ, ಸೇವಿಸಿದರೆ ಬಹುಮಂದಿಗೆ ಸಾಕಾಗುತ್ತದೆ; ಬಿಸಿನೀರಿನ ಶಾಖವೂ ಒಳ್ಳೆಯದು.

ರಕ್ತದ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತೋರಿಸಿತು. ರಕ್ತದ ಕೆಂಪು ಕಣಗಳು ಉಸಿರಿನ ಗಾಳಿಯನ್ನು ಸ್ನಾಯುಗಳಿಗೆ ಹೊರುವ ಕೂಲಿಗಳು. ಕಬ್ಬಿಣದ ಅಂಶವಿಲ್ಲದೆ ಅವು ಹುಟ್ಟವು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತವು 30ರಿಂದ 40 ಮಿಲಿಲೀಟರ್. 80 ಮೀರಿದರೆ ಅತಿಸ್ರಾವವೆನ್ನುವರು. 2015ರ ಲಂಡನ್ ಮ್ಯಾರಥಾನಿನಲ್ಲಿ ಹೆಂಗಸರನ್ನು ವಿಚಾರಿಸಿದಾಗ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಗೆ ಅತಿಸ್ರಾವವಿದ್ದಿತು. ‘ಈಚೆಗೆ ಇವಳು ಸೋಮಾರಿಯಾದಳು, ಓಡುವುದಿಲ್ಲ’ ಎಂದು ಗದರಿಸುವ ಮುಂಚೆ ರಕ್ತವನ್ನು ಪರೀಕ್ಷಿಸಿದರೆ ಎಷ್ಟೋ ಹುಡುಗಿಯರ ಸೋಮಾರಿತನದ ಗುಟ್ಟು ಬಯಲಾದೀತು. ಹುರುಳಿ, ಹೆಸರು, ಕಡಲೆ, ಎಳ್ಳು, ಸೊಪ್ಪುಗಳು, ತಿನ್ನುವವರಿಗೆ ಮಾಂಸ, ಇವು ಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣನ್ನು ಹಿಂಡಿದರೆ ಕಬ್ಬಿಣದ ಅಂಶವು ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಚಹವಾಗಲಿ ಕಾಫಿಯಾಗಲಿ ಕುಡಿದರೆ ಕೂಡುವುದಿಲ್ಲ. ಒಂದು ಗಂಟೆ ತಾಳಬೇಕು. ರಾಗಿಯಲ್ಲಿರುವ ಸುಣ್ಣದ ಅಂಶವು ಎಲುಬಿಗೆ ಹಿತವೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನುಳಿದುದು ಬಾಯಿಬಿಟ್ಟು ಹೇಳುವ ಧೈರ್ಯ. ಟೆನಿಸ್ ಆಟಕ್ಕೆ ಹೆಸರಾದ ವಿಂಬಲ್ಡನ್ನಿನಲ್ಲಿ ಆಟಗಾರರೆಲ್ಲ ನಖಶಿಖಾಂತ ಬಿಳಿಯನ್ನೇ ಉಡಬೇಕೆಂಬ ಕಟ್ಟುನಿಟ್ಟಿತ್ತು. ಕಲೆಯಾದೀತೆಂಬ ಹೆದರಿಕೆಯಲ್ಲಿ ಆಡುವ ಕಷ್ಟವನ್ನು ಹೆಂಗಸರು ಹೇಳಿಕೊಂಡ ಮೇಲೆ, 2023ರಿಂದ ಒಳಚಡ್ಡಿಯು ಗಾಢ ಬಣ್ಣದ್ದಾಗಿರಬಹುದೆಂದು ನಿಯಮವನ್ನು ಸಡಿಲಿಸಿದರು. ಅಷ್ಟು ಸಣ್ಣ ಸೌಕರ್ಯಕ್ಕೆ ಅಷ್ಟು ವರ್ಷ ಬೇಕಾಯಿತು! ನಮ್ಮ ಊರುಗಳಲ್ಲಿ ಮೈದಾನದ ಬಳಿ ನೀರಿರುವ ಕಕ್ಕಸು ಇಲ್ಲದೆ ಮುಟ್ಟಿನ ದಿನ ಅಭ್ಯಾಸವನ್ನೂ, ಕೊನೆಗೆ ಆಟವನ್ನೂ ಬಿಟ್ಟ ಹುಡುಗಿಯರು ಎಷ್ಟೋ. ತರಬೇತಿ ಕೊಡುವ ಮಾಸ್ತರರು ಗಂಡಸರಾಗಿರುವ ಕಡೆ ತಾಯಿಯೋ ತಂದೆಯೋ ಮೊದಲೇ ಹೋಗಿ, ‘ನಮ್ಮ ಹುಡುಗಿ ಇಂಥ ದಿನ ಮೆಲ್ಲಗೆ ಓಡುತ್ತೇನೆಂದರೆ ತಾವು ಕಾರಣ ಕೇಳಬಾರದು, ಮೇಷ್ಟ್ರೇ’ ಎಂದು ಹೇಳಿಬಂದರೆ ಸಾಕು. ಬಹುಮಂದಿ ಮಾಸ್ತರರು ಅರ್ಥಮಾಡಿಕೊಳ್ಳುತ್ತಾರೆ.

2020ರಲ್ಲಿ ಲಂಡನ್ನಿನ ಚೆಲ್ಸಿ ಮಹಿಳಾ ಫುಟ್ಬಾಲ್ ತಂಡದವರು ಒಬ್ಬೊಬ್ಬ ಆಟಗಾರ್ತಿಯ ತಿಂಗಳ ಲೆಕ್ಕವನ್ನೂ ಬರೆದಿಟ್ಟುಕೊಂಡು ಅಭ್ಯಾಸವನ್ನು ಹೊಂದಿಸಿಕೊಳ್ಳಲು ತೊಡಗಿದರು. ಅಷ್ಟು ಏರ್ಪಾಡು ನಮಗೆ ಬೇಕಾಗಿಲ್ಲ. ಹಾಲಿನ ಲೆಕ್ಕವನ್ನು ಗೀಚುವ ಕ್ಯಾಲೆಂಡರು ಅಡಿಗೆಮನೆಯ ಗೋಡೆಯ ಮೇಲೆ ಇದ್ದೇ ಇರುತ್ತದೆ. ಮುಟ್ಟಾದ ಮೊದಲ ದಿನಕ್ಕೆ ಒಂದು ಸುತ್ತು, ಸ್ರಾವವಿದ್ದಷ್ಟು ದಿನ ಒಂದೊಂದು ಗೆರೆ, ನೋವಿದ್ದ ದಿನ ಒಂದು ಚುಕ್ಕೆ, ಓಟವು ಚೆನ್ನಾಗಿ ಆದ ದಿನ ಇನ್ನೊಂದು ಗುರುತು. ಇಷ್ಟನ್ನು ಹುಡುಗಿಯೇ ಹಾಕಲಿ. ಗೋಡೆಯ ಮೇಲೆ ನಾಚಿಕೆಯೆನಿಸಿದರೆ ಅವಳದೇ ಒಂದು ಪುಟ್ಟ ಪುಸ್ತಕವಾಗಲಿ. ಮೂರು ನಾಲ್ಕು ತಿಂಗಳಾದ ಮೇಲೆ ಅವಳ ಮೈಯ ರೀತಿಯು ಅವಳಿಗೇ ಕಾಣುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 35 ದಿನ ಮೀರುತ್ತ ಬಂದರೆ, ಆ ಕ್ಯಾಲೆಂಡರಿನ ಹಾಳೆಗಳನ್ನೇ ಮಡಿಸಿಕೊಂಡು ವೈದ್ಯರಲ್ಲಿಗೆ ಹೋಗಬಹುದು. ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರವು ಅದರಲ್ಲಿರುತ್ತದೆ.